ಎಲುಬಿಲ್ಲದ ನೆಲದ ಪಳೆಯುಳಿಕೆಗಳು

ಹಿಂದೆಂದೋ ಬದುಕಿದ್ದ ಜೀವಿ ಕಲ್ಲಿನಲ್ಲಿ ಬಿಟ್ಟುಹೋದ ಗುರುತೇ ಪಳೆಯುಳಿಕೆ. ಎಲುಬು, ಚಿಪ್ಪು, ಎಲೆಯ ಅಚ್ಚು, ಹೆಜ್ಜೆ, ಲದ್ದಿ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಗುರುತು ಉಳಿಯಬೇಕಾದರೆ ಸತ್ತ ಜೀವಿ ಬೇಗ ಹೂತುಹೋಗಬೇಕು, ಹೂತ ಕೆಸರು ಕಲ್ಲಾಗಬೇಕು, ಆ ಕಲ್ಲು ಮುಂದೆ ಅತಿಯಾಗಿ ಕಾಯಬಾರದು, ನಲುಗಬಾರದು.

ನಮ್ಮ ಬೀದಿ ಅಗೆದರೆ ಡೈನೋಸಾರ್ ಸಿಗುತ್ತದೆಯೇ ಎಂದು ಮಕ್ಕಳು ತಪ್ಪದೆ ಕೇಳುತ್ತಾರೆ. ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಮನೆಯ ಪಾಯ ತೋಡಿದರೆ ಮೊದಲು ಕೆಂಪುಮಣ್ಣು, ಕೆಳಗೆ ಪುಡಿಯಾಗುವ ಕೊಳೆತ ಕಲ್ಲು, ಅದರಡಿ ಗಟ್ಟಿ ನೈಸ್ ಬಂಡೆ. ಇದೇ ಬಂಡೆ ಲಾಲ್‌ಬಾಗಿನ ಗುಡ್ಡದಲ್ಲಿ ತಲೆಯೆತ್ತಿ ನಿಂತಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ನೆಲದಾಳದಲ್ಲಿ ಕಾದು, ಮಡಿಸಿಕೊಂಡು, ಅಲ್ಲಲ್ಲಿ ಕರಗಿ ಮತ್ತೆ ಗಟ್ಟಿಯಾದ ಈ ಬಂಡೆಯಲ್ಲಿ ಎಲುಬು ಸಿಗುವುದಿಲ್ಲ.

ಹಾಗೆಂದು ಕರ್ನಾಟಕದಲ್ಲಿ ಎಲುಬೇ ಇಲ್ಲವೆಂದಲ್ಲ. ನದಿಗಳು ಈಚೆಗೆ ಹಾಸಿದ ಮೆಕ್ಕಲಿನಲ್ಲಿ ಅವು ಸಿಗುತ್ತವೆ. ಗೋಕಾಕದ ಬಳಿ ದೊರೆತ ಘೇಂಡಾಮೃಗದ ಅವಶೇಷಗಳನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ರೈನೋಸೆರಸ್ ಡೆಕ್ಕನೆನ್ಸಿಸ್ ಎಂಬ ಹೊಸ ಹೆಸರಿನಲ್ಲಿ ಪ್ರಕಟಿಸಿದರು. ಇಂದು ಘೇಂಡಾಮೃಗದ ಸುಳಿವೇ ಇಲ್ಲದ ಬೆಳಗಾವಿ ಸೀಮೆಯಲ್ಲಿ ಅದು ಮೇಯುತ್ತಿತ್ತು! ಚೆನ್ನೈ ಬಳಿಯ ಪಲ್ಲಾವರದಲ್ಲಿ 1863ರಲ್ಲಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದವರೂ ಇದೇ ಫೂಟ್. ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ.

ಎರಡು ಜಗಳಗಳು

ಪಳೆಯುಳಿಕೆಗಾಗಿ ನಡೆದ ಪೈಪೋಟಿಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ನಡೆದದ್ದು. ಎಡ್ವರ್ಡ್ ಕೋಪ್ ಮತ್ತು ಒಥ್ನೀಲ್ ಮಾರ್ಷ್ ಎಂಬ ಪಳೆಯುಳಿಕೆ ತಜ್ಞರು 1870ರ ದಶಕದಿಂದ ಸಾಯುವವರೆಗೂ ಒಬ್ಬರನ್ನೊಬ್ಬರು ಹಿಂದೆ ಹಾಕಲು ಹೆಣಗಿದರು. ಇಬ್ಬರೂ ಸೇರಿ ನೂರಕ್ಕೂ ಹೆಚ್ಚು ಡೈನೋಸಾರ್‌ಗಳಿಗೆ ಹೆಸರಿಟ್ಟರು. ಅವಸರಕ್ಕೆ ತಕ್ಕ ಬೆಲೆಯನ್ನೂ ತೆತ್ತರು. ಎಲಾಸ್ಮೊಸಾರಸ್ ಎಂಬ ಕಡಲ ಸರೀಸೃಪದ ತಲೆಯನ್ನು ಕೋಪ್ ಬಾಲದ ತುದಿಗೆ ಜೋಡಿಸಿದ್ದರು. ಮಾರ್ಷ್ 1879ರಲ್ಲಿ ಹೆಸರಿಸಿದ ಬ್ರಾಂಟೊಸಾರಸ್, ಅವರೇ 1877ರಲ್ಲಿ ಹೆಸರಿಸಿದ್ದ ಅಪಾಟೊಸಾರಸ್ ಎಂದು 1903ರಲ್ಲಿ ಇನ್ನೊಬ್ಬರು ವಾದಿಸಿದರು.

ನಮ್ಮ ನಾಡಿನ ಜಗಳದಲ್ಲಿ ಎಲುಬಿನ ಮಾತೇ ಇರಲಿಲ್ಲ. ಆದರೆ ಅದರ ಬೇರು ಇನ್ನೂ ಆಳಕ್ಕೆ ಇಳಿದಿತ್ತು. ಚಿತ್ರದುರ್ಗ, ಶಿವಮೊಗ್ಗ, ಬಾಬಾಬುಡನ್, ಸಂಡೂರು ಪ್ರದೇಶಗಳಲ್ಲಿ ಪಟ್ಟಿಪಟ್ಟಿಯಾಗಿ ಹಬ್ಬಿರುವ ಪುರಾತನ ಶಿಲೆಗಳಿಗೆ ಧಾರವಾಡ ಶಿಲೆಗಳೆಂದು ಹೆಸರಿಟ್ಟವರು ಫೂಟ್. ಇವುಗಳ ಒಂದು ಪಾಲಾದರೂ ನೀರಿನಲ್ಲಿ ಮರಳು, ಕೆಸರು ತಂಗಿ ಆದದ್ದೆಂಬುದು ಹಲವರ ಮತ. ಫೂಟ್ ಅವರ ನಂತರ ಮೈಸೂರು ಇಲಾಖೆಯನ್ನು ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. ಇವೆಲ್ಲ ಬೆಂಕಿಯಿಂದ ಹುಟ್ಟಿದ ಶಿಲೆಗಳು ಎಂದರು. ಉರುಟುಕಲ್ಲುಗಳು ತುಂಬಿದ ಕಾಂಗ್ಲಾಮರೇಟ್ ಕಂಡರೆ, ಬಂಡೆ ನೆಲದೊಳಗೇ ನುಚ್ಚಾಗಿ ಉರುಳಿದ ತುಂಡುಗಳವು ಎಂದು ವಿವರಿಸಿದರು. ಸ್ಮೀತ್ ಸಾಮಾನ್ಯರಲ್ಲ. ಮೈಸೂರಿನ ಭೂವೈಜ್ಞಾನಿಕ ನಕ್ಷೆಯನ್ನು ಕಟ್ಟಿಕೊಟ್ಟವರು, ಲಾಲ್‌ಬಾಗಿನ ಬಂಡೆಗೆ ಪೆನಿನ್ಸುಲಾರ್ ನೈಸ್ ಎಂಬ ಹೆಸರು ಕೊಟ್ಟವರು ಅವರೇ. ಅವರ ಮಾತಿಗೆ ಇಲಾಖೆಯಲ್ಲಿ ದೊಡ್ಡ ತೂಕವಿತ್ತು.

ಪಳೆಯುಳಿಕೆ ಹುಡುಕುವವರಿಗೆ ಈ ವಾದ ಯಾಕೆ ಮುಖ್ಯ? ಕಲ್ಲು ಬೆಂಕಿಯದೆಂದು ತೀರ್ಮಾನವಾದರೆ ಅದರಲ್ಲಿ ಜೀವದ ಗುರುತು ಹುಡುಕುವ ಕೆಲಸವೇ ಮುಗಿಯಿತು.

ತೀರ್ಮಾನ ಬಂದದ್ದು ಬಂಡೆಯ ಮುಂದೆ ಕುಳಿತು ನೋಡಿದವರಿಂದ. ಇಲಾಖೆಯವರೇ ಆದ ಬಿ. ರಾಮರಾವ್ 1930ರ ದಶಕದಲ್ಲಿ ಬೆಣಚುಶಿಲೆಗಳಲ್ಲಿ ಅಲೆಗೆರೆಗಳನ್ನೂ ಓರೆ ಪದರಗಳನ್ನೂ ಸಾಕ್ಷಿಯಾಗಿ ಮುಂದಿಟ್ಟರು. ಹರಿಯುವ ನೀರು ಮರಳಿನ ಮೇಲೆ ಬರೆಯುವ ಗೆರೆಗಳವು. ಕರಗಿದ ಕಲ್ಲು ಆರುವಾಗ ಅಂಥ ಗೆರೆ ಮೂಡುವುದಿಲ್ಲ. ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಬಾಬಾಬುಡನ್ ಬೆಟ್ಟಗಳ ಶಿಲೆಗಳನ್ನು ಹೊಸದಾಗಿ ಪರಿಶೀಲಿಸಿದರು. ಕಾಂಗ್ಲಾಮರೇಟ್ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೂ ಸರಳ. ಒಂದೇ ಬಂಡೆ ನುಚ್ಚಾಗಿದ್ದರೆ ತುಂಡುಗಳೆಲ್ಲ ಒಂದೇ ಜಾತಿಯವಾಗಿರಬೇಕು. ಗ್ರಾನೈಟ್, ಬೆಣಚು, ಹಸಿರುಶಿಲೆಗಳ ಉರುಟುಗಳು ಒಟ್ಟಿಗೇ ಕಂಡರೆ ಅವನ್ನು ಹೊಳೆಯೊಂದು ಬೇರೆಬೇರೆ ಕಡೆಯಿಂದ ಹೊತ್ತು ತಂದಿರಬೇಕು.

ಸ್ಮೀತ್ ಪೂರ್ತಿ ತಪ್ಪೂ ಅಲ್ಲ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಇದೆ. ಧಾರವಾಡ ಶಿಲೆಗಳಲ್ಲಿ ಬೆಂಕಿಯ ಪಾಲು ನಿಜಕ್ಕೂ ದೊಡ್ಡದು. ಅವರು ಎಡವಿದ್ದು ಒಂದು ನಿಜವನ್ನು ಎಲ್ಲ ಕಲ್ಲಿಗೂ ಹೊದಿಸಿದ್ದರಲ್ಲಿ.

ಪಾಚಿ ಕಟ್ಟಿದ ಕಲ್ಲು

ನೀರಿನ ಪಾಲು ಖಚಿತವಾದ ಮೇಲೆ ಧಾರವಾಡದ ಸುಣ್ಣಕಲ್ಲುಗಳಲ್ಲಿ ಜೀವವನ್ನು ಅರಸಲು ಅರ್ಥ ಬಂತು. ತುಮಕೂರು ಜಿಲ್ಲೆಯ ದೊಡ್ಡಗುಣಿ, ಶಿವಮೊಗ್ಗದ ಕುಂಸಿ, ಸಂಡೂರು ಮೊದಲಾದ ಕಡೆ ಸ್ಟ್ರೊಮಾಟೊಲೈಟ್‌ಗಳಿವೆ. 1980ರ ದಶಕದಲ್ಲಿ ಇವುಗಳ ವಿವರವಾದ ಅಧ್ಯಯನಗಳು ಪ್ರಕಟವಾದವು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು.

ಸ್ಟ್ರೊಮಾಟೊಲೈಟ್ ಒಂದು ಪ್ರಾಣಿಯಲ್ಲ, ಗಿಡವೂ ಅಲ್ಲ. ಅದು ಸೂಕ್ಷ್ಮಜೀವಿಗಳು ಕಟ್ಟಿದ ರಚನೆ. ಇಲ್ಲೇ ಓದುಗರು ಎಡವುವುದರಿಂದ ನಿಧಾನವಾಗಿ ನೋಡೋಣ. ಆಳವಿಲ್ಲದ, ಬಿಸಿಲು ಬೀಳುವ ನೀರಿನ ತಳದಲ್ಲಿ ಸಯನೊಬ್ಯಾಕ್ಟೀರಿಯಾಗಳು ತೆಳುವಾದ ಹಾಸಾಗಿ ಬೆಳೆಯುತ್ತವೆ. ಹಾಸು ಅಂಟಂಟು. ನೀರಿನಲ್ಲಿ ತೇಲಿಬಂದ ನವಿರು ಕಣಗಳು ಅದಕ್ಕೆ ಮೆತ್ತಿಕೊಳ್ಳುತ್ತವೆ. ಜೊತೆಗೆ ಈ ಜೀವಿಗಳು ದ್ಯುತಿಸಂಶ್ಲೇಷಣೆಗಾಗಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಆಗ ನೀರಿನ ಆಮ್ಲತೆ ತಗ್ಗಿ, ಕರಗಿದ್ದ ಸುಣ್ಣದ ಅಂಶ ಹೊರಬಿದ್ದು ಗಟ್ಟಿಯಾಗುತ್ತದೆ. ಕಣಗಳಡಿ ಹೂತ ಜೀವಿಗಳಿಗೆ ಬೆಳಕು ಸಾಲದು. ಅವು ಮೇಲಕ್ಕೆ ಸರಿದು ಹೊಸ ಹಾಸು ಹೆಣೆಯುತ್ತವೆ. ಅದರ ಮೇಲೆ ಮತ್ತೆ ಕಣ, ಮತ್ತೆ ಸುಣ್ಣ, ಮತ್ತೆ ಹಾಸು. ಈ ಕಟ್ಟಡ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಏರುವುದಿಲ್ಲ. ಕೊನೆಗೆ ಕಲ್ಲನ್ನು ಮೇಲಿಂದ ಕೆಳಕ್ಕೆ ಕೊಯ್ದು ನೋಡಿದರೆ ಈರುಳ್ಳಿಯ ಸಿಪ್ಪೆಯಂತೆ ಒಂದರ ಮೇಲೊಂದು ಗುಮ್ಮಟಗಳು. ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬ ಕೊಲ್ಲಿಯಲ್ಲಿ ಇವು ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ.

ಇವುಗಳಿಂದ ಭೂವಿಜ್ಞಾನಿಗೆ ಇನ್ನೊಂದು ಉಪಕಾರವಿದೆ. ಗುಮ್ಮಟದ ಉಬ್ಬು ಸಾಮಾನ್ಯವಾಗಿ ಬೆಳಕಿನ ಕಡೆಗೇ ಇರುತ್ತದೆ. ಧಾರವಾಡದ ಪದರಗಳು ಮಡಿಸಿ, ಕೆಲವೆಡೆ ತಲೆಕೆಳಗಾಗಿವೆ. ಅಂದಿನ ಆಕಾಶ ಯಾವ ಕಡೆಗಿತ್ತೆಂದು ಈ ಉಬ್ಬು ತೋರಿಸಿಕೊಡುತ್ತದೆ. ಇದಕ್ಕಿಂತ ಸೊಗಸಾದ ದಿಕ್ಸೂಚಿ ನನಗೆ ಗೊತ್ತಿಲ್ಲ!

ಆಕಾರವನ್ನು ನಂಬಬೇಡಿ

ಆದರೆ ಪದರವಿದ್ದ ಗುಮ್ಮಟವೆಲ್ಲ ಜೀವಿಯ ಕೆಲಸವಲ್ಲ. ಖನಿಜಗಳು ತಾವಾಗಿಯೇ ಪದರಗಟ್ಟಬಲ್ಲವು. ಕಲ್ಲಿನ ಬಿರುಕಿನಲ್ಲಿ ಜರೀಗಿಡದಂತೆ ಹರಡಿದ ಕಪ್ಪು ಚಿತ್ತಾರವನ್ನು ಎಷ್ಟೋ ಮಂದಿ ಎಲೆಯ ಪಳೆಯುಳಿಕೆಯೆಂದು ಜೋಪಾನ ಮಾಡಿಟ್ಟಿರುತ್ತಾರೆ. ಅದು ಬಿರುಕಿನೊಳಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್.

ಪಂಡಿತರೂ ಮೋಸಹೋಗಿದ್ದಾರೆ. ಕೆನಡಾದ ಪುರಾತನ ಸುಣ್ಣಶಿಲೆಯಲ್ಲಿ ಸಿಕ್ಕ ಪದರದ ರಚನೆಯನ್ನು ಭೂವಿಜ್ಞಾನಿ ವಿಲಿಯಂ ಡಾಸನ್ 1860ರ ದಶಕದಲ್ಲಿ ಅತಿ ಹಳೆಯ ಪ್ರಾಣಿಯೆಂದು ಸಾರಿ ಇಯೊಜೋನ್ ಎಂದು ಕರೆದರು. ಐರ್ಲೆಂಡಿನ ಕಿಂಗ್ ಮತ್ತು ರೌನಿ ಅದು ಬರಿಯ ಖನಿಜವೆಂದು ವಾದಿಸಿದರು. ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಸುಣ್ಣಶಿಲೆಯ ತುಂಡುಗಳಲ್ಲೂ ಅಂಥದೇ ರಚನೆ ಇರುವುದು 1894ರಲ್ಲಿ ಪ್ರಕಟವಾದ ಮೇಲೆ ಡಾಸನ್‌ರ ಪಕ್ಷ ನಿಲ್ಲಲಿಲ್ಲ. ತೀರ ಈಚೆಗೆ, 2021ರಲ್ಲಿ, ಮಧ್ಯಪ್ರದೇಶದ ಭೀಮಬೇಟ್ಕಾದ ಗುಹೆಯ ಚಾವಣಿಯಲ್ಲಿ ಡಿಕಿನ್‌ಸೋನಿಯಾ ಎಂಬ ಜೀವಿಯ 55 ಕೋಟಿ ವರ್ಷ ಹಳೆಯ ಪಳೆಯುಳಿಕೆ ಕಂಡಿತೆಂದು ಸುದ್ದಿಯಾಯಿತು. ಇನ್ನೊಂದು ತಂಡ ಅಲ್ಲಿಗೇ ಹೋಗಿ ನೋಡಿದಾಗ ಅದು ಕಳಚಿ ಬೀಳುತ್ತಿದ್ದ ಜೇನುಗೂಡಿನ ಗುರುತು. ಮೊದಲು ಪ್ರಕಟಿಸಿದವರು ಅದನ್ನು ಒಪ್ಪಿಕೊಂಡರು. ಅದು ವಿಜ್ಞಾನದ ದೊಡ್ಡಗುಣ.

ಆದ್ದರಿಂದ ಸ್ಟ್ರೊಮಾಟೊಲೈಟ್ ಎನ್ನುವ ಮೊದಲು ಕೇಳಬೇಕಾದ್ದಿಷ್ಟು. ಸುತ್ತಲಿನ ಕಲ್ಲು ನೀರಿನಲ್ಲಿ ತಂಗಿದ್ದೇ? ಪದರ ಗುಮ್ಮಟದ ನೆತ್ತಿಯ ಮೇಲೆ ದಪ್ಪವಾಗಿದೆಯೇ? ಅಲೆ ಒಡೆದ ಚೂರುಗಳು ಗುಮ್ಮಟಗಳ ನಡುವೆ ತುಂಬಿವೆಯೇ? ಉಳಿದ ಇಂಗಾಲದಲ್ಲಿ ಜೀವಿಗಳು ಆರಿಸಿಕೊಳ್ಳುವ ಹಗುರ ಪರಮಾಣುಗಳು ಹೆಚ್ಚಿವೆಯೇ? ಒಂದೊಂದೇ ಉತ್ತರ ಸಾಲದು. ಎಲ್ಲ ಸೇರಿ ಒಂದೇ ಕಡೆಗೆ ಬೆರಳು ತೋರಬೇಕು.

ಕೋಪ್ ಮತ್ತು ಮಾರ್ಷ್‌ರ ಹಟ, ಸ್ಮೀತ್ ಮತ್ತು ರಾಮರಾವ್‌ರ ಭಿನ್ನಮತ, ಇಯೊಜೋನ್ ವಾದ ಎಲ್ಲದರಲ್ಲೂ ಕಡೆಗೆ ಗೆದ್ದದ್ದು ಮತ್ತೊಬ್ಬರು ಹೋಗಿ ಪರೀಕ್ಷಿಸಬಹುದಾದ ಸಾಕ್ಷಿ. ಹಾಗೆ ಪರೀಕ್ಷಿಸಲು ಬಂಡೆ ಇದ್ದಲ್ಲೇ ಉಳಿದಿರಬೇಕು. ದೊಡ್ಡಗುಣಿಗೆ ಹೋದರೆ ಸುತ್ತಿಗೆ ಎತ್ತಬೇಡಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ದಿಕ್ಕು ಬರೆದುಕೊಳ್ಳಿ. ಮೊದಲ ಪಾಠಕ್ಕೆ ಲಾಲ್‌ಬಾಗ್ ಸಾಕು. ಮುಂದಿನದಕ್ಕೆ ಗವಿಪುರದಲ್ಲಿರುವ ಭಾರತೀಯ ಭೂವೈಜ್ಞಾನಿಕ ಸಂಘದ ಪ್ರಕಟಣೆಗಳಿವೆ. ಈ ಸುಣ್ಣಕಲ್ಲುಗಳನ್ನು ಕನ್ನಡದ ಹುಡುಗ ಹುಡುಗಿಯರು ಸೂಕ್ಷ್ಮದರ್ಶಕದಡಿ ಇಡಬೇಕು, ನಮ್ಮ ತೀರ್ಮಾನಗಳನ್ನೂ ಪ್ರಶ್ನಿಸಬೇಕು. ಭೂವಿಜ್ಞಾನ ಓದಿ. ಈ ನೆಲದ ಹಳೆಯ ಜೀವಿಗಳ ಬಗ್ಗೆ ಆಗಬೇಕಾದ ಕೆಲಸ ಇನ್ನೂ ಬಹಳವಿದೆ.