ನಿಮ್ಮ ಪೋಲರೈಜರ್ ಎಷ್ಟು ಗಟ್ಟಿ? ಲ್ಯಾಪ್‌ಟಾಪ್ ಹೇಳುತ್ತೆ

ಮಳೆಗಾಲದಲ್ಲಿ ಮಲೆನಾಡಿಗೆ ಹೋಗಿ ಫೋಟೋ ತೆಗೆದವರಿಗೆ ಗೊತ್ತು, ಕಣ್ಣಿಗೆ ಕಂಡ ಹಸಿರು ಫೋಟೋದಲ್ಲಿ ಇರೋದಿಲ್ಲ. ಒದ್ದೆ ಎಲೆ ಮೇಲಿನ ಬಿಳಿ ಹೊಳಪು ಬಣ್ಣವನ್ನು ನುಂಗಿರುತ್ತೆ. ಆ ಹೊಳಪನ್ನು ತಡೆಯೋದೇ ಪೋಲರೈಸಿಂಗ್ ಫಿಲ್ಟರ್‌ನ ಕೆಲಸ. ಆಮೇಲೆ ಎಡಿಟಿಂಗ್‌ನಲ್ಲಿ ಸರಿಮಾಡೋಣ ಅಂದ್ರೆ ಕಷ್ಟ. ಹೊಳಪಿನಲ್ಲಿ ಮುಚ್ಚಿಹೋದ ವಿವರ ಫೈಲ್‌ನಲ್ಲೇ ಇರೋದಿಲ್ಲ.

ಆದರೆ ಒಂದೇ ಅಳತೆಯ ಫಿಲ್ಟರ್ ಸಾವಿರ ರೂಪಾಯಿಯೊಳಗೂ ಸಿಗುತ್ತೆ, ಹತ್ತು ಸಾವಿರ ದಾಟಿಯೂ ಇರುತ್ತೆ. ಡಬ್ಬಿ ಮೇಲಿನ ಹೆಸರು ನೋಡಿ ನಂಬೋ ಹಾಗೂ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದರೆ, ವಾಪಸ್ ಮಾಡೋ ಗಡುವು ಮುಗಿಯೋದರೊಳಗೆ ಮನೆಯಲ್ಲೇ ಪರೀಕ್ಷೆ ಮಾಡಿಬಿಡಿ.

ಎಲ್‌ಸಿಡಿ ಪರದೆಯಿಂದ ಬರೋ ಬೆಳಕು ಮೊದಲೇ ಪೋಲರೈಸ್ ಆಗಿರುತ್ತೆ, ಅಂದ್ರೆ ಅದರ ಕಂಪನ ಒಂದೇ ದಿಕ್ಕಿನಲ್ಲಿರುತ್ತೆ. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು, ರೂಮಿನ ಲೈಟ್ ಆರಿಸಿ. ಫಿಲ್ಟರ್‌ನ ಹೊರಮುಖ ಪರದೆ ಕಡೆಗಿರಲಿ, ಲೆನ್ಸ್‌ಗೆ ತಿರುಗಿಸೋ ಮರೆ ಇರೋ ಬದಿ ನಿಮ್ಮ ಕಡೆಗೆ. ಈಗ ನಿಧಾನಕ್ಕೆ ತಿರುಗಿಸಿ. ಒಂದು ಹಂತದಲ್ಲಿ ಪರದೆ ಹೆಚ್ಚುಕಡಿಮೆ ಕಪ್ಪಾಗಬೇಕು. ಬೂದು ಬಣ್ಣದಲ್ಲೇ ನಿಂತರೆ ಒಳಗಿನ ಫಿಲ್ಮ್ ಕಳಪೆ. ಅಲ್ಲಲ್ಲಿ ಮಚ್ಚೆ ಕಂಡರೆ ಇನ್ನೂ ಕೆಟ್ಟದ್ದು. ತೀರಾ ಕಡುನೇರಳೆ ಛಾಯೆ ಉಳಿದರೆ ನಾನು ತಲೆ ಕೆಡಿಸಿಕೊಳ್ಳೋದಿಲ್ಲ, ಒಳ್ಳೆಯ ಫಿಲ್ಟರ್‌ಗಳಲ್ಲೂ ಅದು ಕಾಣುತ್ತೆ. ಫಿಲ್ಟರ್ ಉಲ್ಟಾ ಹಿಡಿದರೆ ಪರದೆ ಕಪ್ಪಾಗೋದೇ ಇಲ್ಲ, ಬಣ್ಣ ಸ್ವಲ್ಪ ಬದಲಾಗಬಹುದು ಅಷ್ಟೇ. ಹಾಗಾಗಿ ಅಂಗಡಿಯವರ ಮೇಲೆ ರೇಗೋ ಮೊದಲು ಯಾವ ಬದಿ ಅಂತ ನೋಡಿಕೊಳ್ಳಿ!

ಸರ್ಕ್ಯುಲರ್ ಅಂತ ಹೇಳಿ ಲೀನಿಯರ್ ಕೊಟ್ಟಿದ್ದಾರಾ? ಅದಕ್ಕೆ ಕನ್ನಡಿ ಸಾಕು. ಮರೆ ಇರೋ ಬದಿಯನ್ನು ಕನ್ನಡಿಗೆ ತೋರಿಸಿ, ಫಿಲ್ಟರ್ ಮೂಲಕವೇ ಕನ್ನಡಿಯಲ್ಲಿ ಅದರ ಬಿಂಬ ನೋಡಿ. ಸರ್ಕ್ಯುಲರ್ ಆಗಿದ್ದರೆ ಬಿಂಬ ಕಪ್ಪಾಗುತ್ತೆ, ಲೀನಿಯರ್ ಆಗಿದ್ದರೆ ತಿಳಿಯಾಗೇ ಇರುತ್ತೆ. ಡಿಎಸ್‌ಎಲ್‌ಆರ್ ಇರೋರಿಗೆ ಇದು ಮುಖ್ಯ, ಲೀನಿಯರ್ ಹಾಕಿದರೆ ಆಟೋಫೋಕಸ್, ಮೀಟರಿಂಗ್ ಎರಡೂ ಎಡವಬಹುದು.

ಮುಂದೆ ಬೆಳಕಿನ ಲೆಕ್ಕ. ಇದನ್ನು ಪರದೆ ಮುಂದೆ ಮಾಡಬೇಡಿ. ಮೋಡ ಕವಿದ ಹೊತ್ತಲ್ಲಿ, ಹೊಳಪಿಲ್ಲದ ಬಿಳಿ ಗೋಡೆಗೆ ಕ್ಯಾಮೆರಾ ಇಟ್ಟು ಫಿಲ್ಟರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ಎಕ್ಸ್‌ಪೋಶರ್ ನೋಡಿ. ಎಷ್ಟೇ ಒಳ್ಳೆಯ ಪೋಲರೈಜರ್ ಆದರೂ ಸಾಮಾನ್ಯ ಬೆಳಕಿನ ಅರ್ಧವನ್ನು ತಡೆಯಲೇಬೇಕು, ಅಂದ್ರೆ 1 ಸ್ಟಾಪ್. ಸಾಧಾರಣವಾಗಿ 1ರಿಂದ 2 ಸ್ಟಾಪ್ ಹೋಗುತ್ತೆ. ಅರ್ಧ ಸ್ಟಾಪ್ ಮಾತ್ರ ಹೋಗುತ್ತೆ ಅಂತ ಯಾರಾದರೂ ಹೊಗಳಿದರೆ ಅದು ಸರಿಯಾಗಿ ಪೋಲರೈಸ್ ಮಾಡ್ತಿಲ್ಲ ಅಂತಲೇ ಅರ್ಥ. ವೈಟ್ ಬ್ಯಾಲೆನ್ಸ್ ಆಟೋದಲ್ಲಿಡದೆ ಅದೇ ಗೋಡೆಯ ಎರಡು ಫೋಟೋ ಹೋಲಿಸಿದರೆ ಹಳದಿಗೋ ಹಸಿರಿಗೋ ವಾಲಿದ್ದೂ ಗೊತ್ತಾಗುತ್ತೆ.

ಶಾರ್ಪ್‌ನೆಸ್ ನೋಡೋಕೆ ಉದ್ದದ ಟೆಲಿ ಲೆನ್ಸ್ ಬೇಕು. ಟ್ರೈಪಾಡ್ ಮೇಲಿಟ್ಟು ದೂರದ ಬೋರ್ಡಿನ ಅಕ್ಷರ ತೆಗೆಯಿರಿ. ಗಾಜು ಸಮತಟ್ಟಾಗಿಲ್ಲದಿದ್ದರೆ ವೈಡ್ ಲೆನ್ಸ್‌ನಲ್ಲಿ ಅಡಗಿದ ದೋಷ ಇಲ್ಲಿ ಬಯಲಾಗುತ್ತೆ.

ವೈಡ್ ಲೆನ್ಸ್‌ನಲ್ಲಿ ಆಕಾಶದ ಒಂದು ಭಾಗ ಮಾತ್ರ ಕಡುನೀಲಿ ಬಂತು ಅಂತ ಮಾತ್ರ ವಾಪಸ್ ಕಳಿಸಬೇಡಿ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶವೇ ಹೆಚ್ಚು ಪೋಲರೈಸ್ ಆಗಿರೋದು, ಹತ್ತು ಸಾವಿರದ ಫಿಲ್ಟರ್ ಹಾಕಿದರೂ ಪಟ್ಟೆ ಹಾಗೇ ಬರುತ್ತೆ.