ಗೋವಾ ಗುಂಡಿಗೆ ನೆಹರೂ ಕೊಟ್ಟ ಮೊದಲ ಉತ್ತರ

1955ರ ಆಗಸ್ಟ್ 15. ಬರಿಗೈಲಿ ಧ್ವಜ ಹಿಡಿದು ಗೋವಾ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮರುದಿನ ಮುಂಬಯಿಯಲ್ಲಿ ಜನ ರೊಚ್ಚಿಗೆದ್ದರು. ಇನ್ನೇನು ದಂಡು ಘಟ್ಟ ಇಳಿದೇಬಿಡ್ತದೆ ಎಂದುಕೊಂಡವರು ಗಡಿಯ ಈಚೆಗೂ ಬೇಕಾದಷ್ಟಿದ್ದರು.

ಪ್ರಧಾನಿ ನೆಹರೂ ದಂಡು ಕಳಿಸಲಿಲ್ಲ. ಪಣಜಿಯ ಭಾರತೀಯ ಕಾನ್ಸುಲೇಟ್ ಮುಚ್ಚಿಸಿದರು, ಗಡಿ ಬಿಗಿ ಮಾಡಿದರು. ಸೆಪ್ಟೆಂಬರ್‌ನಲ್ಲಿ ಸತ್ಯಾಗ್ರಹಕ್ಕೇ ತಡೆ ಬಿತ್ತು. ಅದೇ ಚಳವಳಿಯಲ್ಲಿ ನಮ್ಮ ಜಗನ್ನಾಥರಾವ್ ಜೋಶಿಯವರಂಥವರು ಗೋವಾದ ಜೈಲು ಕಂಡಿದ್ದರು. ಅವರಿಗೆಲ್ಲ ಏನನ್ನಿಸಿರಬೇಡ!

ಇದನ್ನು ಪುಕ್ಕಲುತನ ಎಂದುಬಿಡುವುದು ಸುಲಭ. ಆದರೆ ಅದೇ ಏಪ್ರಿಲ್‌ನಲ್ಲಿ ಬಾಂಡುಂಗ್‌ನಲ್ಲಿ ಶಾಂತಿಯ ಮಾತಾಡಿ ಬಂದಿದ್ದ ಮನುಷ್ಯ ಆತ. ಎದುರಿಗಿದ್ದ ಪೋರ್ತುಗಲ್ ನ್ಯಾಟೋ ಕೂಟದ ಸದಸ್ಯ. ಸಿಟ್ಟಿನ ದಿನ ಕೈ ತಡೆದದ್ದು ತಪ್ಪೆಂದು ನನಗನ್ನಿಸುವುದಿಲ್ಲ. ತಪ್ಪಿದ್ದು ಆಮೇಲೆ. ಜನರ ಹೋರಾಟ ನಿಲ್ಲಿಸಿದವರು ಅದರ ಜಾಗಕ್ಕೆ ತಂದದ್ದು ದಿಗ್ಬಂಧನ ಮಾತ್ರ. ಕ್ಯಾಸಲ್‌ರಾಕ್‌ನಿಂದ ಇಳಿಯುವ ರೈಲು ನಿಂತಿತು. ಮುಂಬಯಿಯಲ್ಲಿ ದುಡಿಯುವ ಗೋವನ್ನರ ಹಣ ಮನೆ ಮುಟ್ಟದಾಯಿತು. ಗಡಿಯಾಚೆ ಹೆಣ್ಣು ಕೊಟ್ಟವರು, ಸಂತೆ ನಂಬಿದವರು ಪೇಚಿಗೆ ಬಿದ್ದರು. ಸಲಜಾರ್ ಏನು ಬಗ್ಗಿದರೇ? ಅಕ್ಕಿ ಪಾಕಿಸ್ತಾನದಿಂದ, ಆಲೂಗಡ್ಡೆ ಹಾಲೆಂಡಿನಿಂದ ಬಂತು. ಮುರ್ಮಾಗೋವಾ ಬಂದರಿನಿಂದ ಅದಿರು ಹಡಗು ಹಡಗು ಹೊರಟಿತು. ಆರು ವರ್ಷ ಹೀಗೇ ಕಳೆಯಿತು.

1961ರ ನವೆಂಬರ್ 17ರಂದು ಕಾರವಾರದೆದುರಿನ ಅಂಜುದೀವಿಯಿಂದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಬಂತು. ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರ ಸತ್ತ. ಈ ಸಲ ನೆಹರೂ ಹೆಚ್ಚು ದಿನ ತೆಗೆದುಕೊಳ್ಳಲಿಲ್ಲ. ಬೆಳಗಾವಿಯಲ್ಲಿ ಸೇನೆ ಜಮಾಯಿಸಿತು. ಡಿಸೆಂಬರ್ 19ಕ್ಕೆ ಎಲ್ಲ ಮುಗಿದಿತ್ತು.

ಅತ್ತ ಲಿಸ್ಬನ್ನಿನಲ್ಲಿ ಕೂತ ಸಲಜಾರ್ ಕೊಟ್ಟ ಅಪ್ಪಣೆ: ಶರಣಾಗಬೇಡಿ, ಕೊನೆಯವರೆಗೂ ಕಾದಿ ಸಾಯಿರಿ! ಸಾಯಬೇಕಾದವರು ಬೇರೆಯವರಾಗಿದ್ದಾಗ ಅಂಥ ಶೌರ್ಯಕ್ಕೇನು ಕಡಿಮೆ? ಗವರ್ನರ್ ವಸ್ಸಾಲೊ ಇ ಸಿಲ್ವಾ ಕೇಳಲಿಲ್ಲ, ಶರಣಾಗಿ ಸಾವಿರಾರು ಜೀವ ಉಳಿಸಿದರು. ಆ ತಪ್ಪಿಗೆ ಅವರನ್ನು ಸೇನೆಯಿಂದಲೇ ಹೊರಹಾಕಿದರು. 1974ರಲ್ಲಿ ಪೋರ್ತುಗಲ್‌ನಲ್ಲಿ ಆಡಳಿತ ಉರುಳಿದ ಮೇಲಷ್ಟೇ ಮರ್ಯಾದೆ ಮರಳಿತು.

ನಮ್ಮ ಕಡೆಯೂ ಲೆಕ್ಕವಿದೆ. ‘ಮೈಸೂರು’, ‘ತ್ರಿಶೂಲ್’ ಯುದ್ಧನೌಕೆಗಳು ಹೋಗಿದ್ದ ಅಂಜುದೀವಿಯಲ್ಲೇ ನೌಕಾಪಡೆಯ 7 ಮಂದಿ ಮಡಿದರು. ಆ ನಡುಗಡ್ಡೆ ಇರುವುದು ಬಿಣಗಾ ದಂಡೆಯ ಕಣ್ಣಳತೆಯಲ್ಲೇ.