ಲೆನ್ಸಿಗೆ ನೀರು ಸೋಕದಿರಲಿ

'ಅಪ್ಪಾ, ಲೆನ್ಸ್ ತೊಳೆಯುವ ದ್ರಾವಣ ಮುಗಿದಿದೆ. ಏನು ಮಾಡಲಿ?'

ಪಿಯುಸಿ ಓದುತ್ತಿದ್ದ ಮಗಳು ರಾತ್ರಿ ಹತ್ತು ಗಂಟೆಗೆ ಹೀಗೆ ಕೇಳಿದಾಗ, 'ಕುದಿಸಿ ಆರಿಸಿದ ನೀರಿದೆಯಲ್ಲ, ಅದರಲ್ಲೇ ಇಡು' ಎಂದವನು ನಾನೇ. ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು! ಮರುದಿನ ಅವಳು ಕಾಲೇಜಿನಿಂದ ಬಂದದ್ದು ಒಂದು ಕಣ್ಣನ್ನು ಕರವಸ್ತ್ರದಿಂದ ಮುಚ್ಚಿಕೊಂಡು. ಕಣ್ಣು ಕೆಂಡದಂತಾಗಿತ್ತು. ಲೆನ್ಸ್ ಅಂಟಿಕೊಂಡು ಹೊರಬರಲೊಲ್ಲದು.

ನೇತ್ರವೈದ್ಯರು ಹನಿ ಹಾಕಿ, ನಿಧಾನವಾಗಿ ಅದನ್ನು ತೆಗೆದರು. ಕಾರ್ನಿಯಾದ ಮೇಲೆ ಸಣ್ಣ ಗೀರು ಬಿದ್ದಿತ್ತು. 'ಮೇಷ್ಟ್ರೇ, ಒಣದ್ರಾಕ್ಷಿಯನ್ನು ನೀರಿಗೆ ಹಾಕುವ ಪ್ರಯೋಗ ಮಕ್ಕಳಿಗೆ ತೋರಿಸುತ್ತೀರಲ್ಲ?' ಎಂದರು. ನಾನು ತಲೆ ತಗ್ಗಿಸಿದೆ.

ಮೃದು ಲೆನ್ಸ್ ಎಂದರೆ ನೀರು ಹೀರುವ ಪ್ಲಾಸ್ಟಿಕ್. 1961ರ ಕ್ರಿಸ್‌ಮಸ್ ವೇಳೆಗೆ ಜೆಕೊಸ್ಲೊವಾಕಿಯಾದ ರಸಾಯನವಿಜ್ಞಾನಿ ಒಟ್ಟೊ ವಿಖ್ಟರ್ಲೆ, ಮಕ್ಕಳ ಆಟದ ಜೋಡಣೆ ಸಾಮಾನು ಮತ್ತು ಸೈಕಲ್ ಡೈನಮೋ ಬಳಸಿ ಮನೆಯಲ್ಲೇ ಇಂಥ ಲೆನ್ಸ್ ತಯಾರಿಸಿದರು. ಕಣ್ಣೀರಿನಷ್ಟೇ ಉಪ್ಪಿರುವ ದ್ರಾವಣದಲ್ಲಿ ಅದು ಆಕಾರ ಉಳಿಸಿಕೊಳ್ಳುತ್ತದೆ. ಬರಿ ನೀರಿನಲ್ಲಿ ಉಬ್ಬಿ, ಕಣ್ಣಿಗೆ ಅಂಟಿಕೊಳ್ಳಬಹುದು.

ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ನಲ್ಲಿ, ತೊಟ್ಟಿ, ಬಾವಿಯ ನೀರಿನಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಅದು ಕಾರ್ನಿಯಾವನ್ನು ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು, ದೃಷ್ಟಿಯೇ ಹೋಗಬಹುದು. ಕುದಿಸಿದ ನೀರೂ ಆರಿ ಪಾತ್ರೆಯಲ್ಲಿ ನಿಂತ ಮೇಲೆ ಕ್ರಿಮಿಶುದ್ಧವಲ್ಲ.

ಕಾರ್ನಿಯಾದ ದಪ್ಪ ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್. ಪಾರದರ್ಶಕವಾಗಿರಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿಲ್ಲ. ಎಚ್ಚರವಿದ್ದಾಗ ಅದಕ್ಕೆ ಆಮ್ಲಜನಕ ಮುಖ್ಯವಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ ಸಿಗುತ್ತದೆ. ಲೆನ್ಸ್ ಹಾಕಿಕೊಂಡೇ ಮಲಗಿದರೆ ಮುಚ್ಚಿದ ರೆಪ್ಪೆ, ಅದರಡಿಯಲ್ಲಿ ಲೆನ್ಸ್ - ಉಸಿರಿಗೆ ಎರಡು ಬಾಗಿಲು ಹಾಕಿದಂತೆ. ಸೋಂಕಿನ ಅಪಾಯವೂ ಹಲವು ಪಟ್ಟು ಹೆಚ್ಚುತ್ತದೆ. ಪರೀಕ್ಷೆಗೆ ರಾತ್ರಿ ಓದುತ್ತಾ ಹಾಗೆಯೇ ನಿದ್ದೆ ಹೋಗುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ದಿನನಿತ್ಯದ ಕ್ರಮ ಕಷ್ಟದ್ದಲ್ಲ. ಸೋಪಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಳ್ಳಿ. ಹಸಿಮೆಣಸಿನಕಾಯಿ ಹೆಚ್ಚಿದ ಕೈಯಾದರೆ ಇನ್ನಷ್ಟು ಎಚ್ಚರ! ಬೆರಳ ತುದಿಯಲ್ಲಿಟ್ಟ ಲೆನ್ಸ್ ಬಟ್ಟಲಿನಂತೆ ಕಂಡರೆ ಸರಿ. ಅಂಚು ಹೊರಬಾಗಿದ್ದರೆ ತಿರುವುಮುರುವಾಗಿದೆ. ಎಡ-ಬಲ ಅದಲುಬದಲಾಗದಂತೆ ಯಾವಾಗಲೂ ಒಂದೇ ಕಣ್ಣಿನಿಂದ ಆರಂಭಿಸಿ. ತೆಗೆದ ಮೇಲೆ ಅಂಗೈಯಲ್ಲಿ ದ್ರಾವಣ ಹಾಕಿ ಮೆಲ್ಲಗೆ ಉಜ್ಜಿ, ತೊಳೆದು, ಡಬ್ಬಿಯಲ್ಲಿ ಹೊಸ ದ್ರಾವಣದಲ್ಲಿಡಿ. ನಿನ್ನೆಯದಕ್ಕೆ ಇಂದಿನದನ್ನು ಸೇರಿಸುವ ಉಳಿತಾಯ ಬೇಡ. ಬೆಳಗ್ಗೆ ಡಬ್ಬಿಯನ್ನು ಖಾಲಿ ಮಾಡಿ, ದ್ರಾವಣದಿಂದ ತೊಳೆದು ಬೋರಲಾಗಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಬದಲಿಸಿ. ಸ್ನಾನ, ಈಜು, ಹೋಳಿಯಾಟಕ್ಕೆ ಮುನ್ನ ಲೆನ್ಸ್ ತೆಗೆಯಿರಿ. ಪ್ರಯೋಗಶಾಲೆಯಲ್ಲಿ ರಕ್ಷಣಾ ಕನ್ನಡಕ ಇರಲೇಬೇಕು. ದಿನಕ್ಕೊಂದು ಎಸೆಯುವ ಲೆನ್ಸಿಗೆ ಈ ತೊಳೆಯುವ ಕೆಲಸವಿಲ್ಲ; ಆದರೆ ಅದನ್ನು ಮರುದಿನ ಬಳಸಲೇಬಾರದು.

ಕೆಂಪು, ನೋವು, ಮಬ್ಬು - ಯಾವುದು ಕಂಡರೂ ಮೊದಲು ಲೆನ್ಸ್ ತೆಗೆಯಿರಿ. ಮನೆಯಲ್ಲಿರುವ ಹಳೆಯ ಹನಿ ಹಾಕದೆ ಅಂದೇ ವೈದ್ಯರ ಬಳಿ ಹೋಗಿ. ಬೈಸಿಕೊಳ್ಳುವ ಭಯಕ್ಕೆ ಮಕ್ಕಳು ನೋವನ್ನು ಬಚ್ಚಿಡುವಂತೆ ತಂದೆತಾಯಿಗಳು ಮಾಡಬಾರದು.

ಮಗಳ ಕಣ್ಣು ವಾರದಲ್ಲಿ ವಾಸಿಯಾಯಿತು. ಈಗ ಅವಳ ಮೇಜಿನ ಮೇಲೆ ಒಂದು ಹೆಚ್ಚುವರಿ ದ್ರಾವಣದ ಬಾಟಲಿ, ಪಕ್ಕದಲ್ಲಿ ಹಳೆಯ ಕನ್ನಡಕ ಇರುತ್ತವೆ. ಅಂದು ರಾತ್ರಿ ನಾನು ಹೇಳಬೇಕಾಗಿದ್ದ ಉತ್ತರ ಇಷ್ಟೇ: 'ಲೆನ್ಸ್ ತೆಗೆದಿಡು. ಹೊಸ ದ್ರಾವಣದಲ್ಲಿ ಶುದ್ಧವಾಗುವ ತನಕ ಹಾಕಬೇಡ. ನಾಳೆ ಕನ್ನಡಕದಲ್ಲೇ ಕಾಲೇಜಿಗೆ ಹೋಗು.'